ಪೋಷಕರ ಸಭೆಗೆ ಅಪ್ಪಂದಿರೂ ಬರಲಿ



ಹದಿನೈದರ ಮಗಳು ಎದುರು ಮಾತಾಡುತ್ತಾಳೆ, ಹೇಳಿದ್ದು ಕೇಳುವುದಿಲ್ಲ ಎಂಬ ದೂರು ಈಗ ಮನೆಮನೆಯದು. ಆದರೆ ಅಮ್ಮ ಬೇಡವೆಂದದ್ದಕ್ಕೆ ಅಪ್ಪ ಹೂಂಗುಟ್ಟಿದರೆ ಮಗಳು ಯಾರ ಮಾತು ಕೇಳಬೇಕು? ನಮ್ಮ ಬೀದಿಯ ಒಂದು ಮನೆಯಲ್ಲಿ ತಾಯಿ ಸ್ಕೂಟರ್ ಕೀಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಸಂಜೆ ತಂದೆ, 'ಟ್ಯೂಷನ್ನಿಗೆ ತಾನೇ, ಹೋಗಿ ಬರಲಿ ಬಿಡು' ಎಂದು ತಾವೇ ತೆಗೆದುಕೊಟ್ಟರು. ಆ ಹುಡುಗಿ ಅಂದಿನಿಂದ ಅಮ್ಮನನ್ನು ಕೇಳುವುದನ್ನೇ ಬಿಟ್ಟಳು. ಅಷ್ಟೇ ಅಲ್ಲ, ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ.

ಮೊಬೈಲ್ ಇರಲಿ, ಮನೆಗೆ ಮರಳುವ ಹೊತ್ತಿರಲಿ, ತಂದೆತಾಯಿ ಮೊದಲು ತಮ್ಮೊಳಗೆ ಮಾತಾಡಿಕೊಂಡು, ಮಗಳ ಅಹವಾಲನ್ನೂ ಕೇಳಿ, ಒಂದೇ ಮಾತಿಗೆ ನಿಲ್ಲಬೇಕು. ಅಣ್ಣನಿಗೊಂದು, ತಂಗಿಗೊಂದು ನಿಯಮ ಸಲ್ಲದು. ಹೆಣ್ಣುಮಕ್ಕಳ ಸಿಟ್ಟಿಗೆ ಎಷ್ಟೋ ಸಲ ಇದೇ ಕಾರಣ. ಆ ಸಿಟ್ಟು ನ್ಯಾಯವಾದುದೇ.

ಹೀಗೆ ಒಂದೇ ಮಾತಿಗೆ ನಿಲ್ಲಲು ಶಾಲೆಯ ಸಲಹೆಯೂ ಇಬ್ಬರಿಗೂ ತಲುಪಬೇಕು. ಆದರೆ ನಮ್ಮೂರ ಪ್ರೌಢಶಾಲೆಯಲ್ಲಿ ಪೋಷಕರ ಸಭೆ ಕೆಲಸದ ದಿನ ಬೆಳಿಗ್ಗೆಯೇ ನಡೆಯುವುದರಿಂದ ಬರುವವರು ಬಹುಪಾಲು ತಾಯಂದಿರು. ಬುದ್ಧಿಮಾತೂ ಅವರಿಗೇ. ಶಾಲಾ ಶಿಕ್ಷಣ ಇಲಾಖೆ ವರ್ಷಕ್ಕೆರಡು ಸಭೆಗಳನ್ನಾದರೂ ಭಾನುವಾರ ನಡೆಸಿ, ಇಬ್ಬರೂ ಬರುವಂತೆ ಸೂಚಿಸಲಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರಿಗೆಂದೇ ಇವೆ. ಅಲ್ಲಿನ ಆಪ್ತಸಮಾಲೋಚಕರನ್ನು ಸಭೆಗೆ ಕರೆಸಲಿ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಶಾಲೆಯ ಸೂಚನಾ ಫಲಕದಲ್ಲಿ ಬರೆಸಬೇಕೆಂದು ಅಧಿಕಾರಿಗಳಲ್ಲಿ ವಿನಂತಿ.

– ಓದುಗರೊಬ್ಬರು, ತಿಪಟೂರು