ಕೊನೆಗೆ ಒಬ್ಬನೇ ಉಳಿಯಬೇಕೇ?

ನಾಲ್ಕು ಜನ ಕನ್ನಡಿಗರು ಸೇರಿದಲ್ಲೆಲ್ಲ ಈಗ ಒಂದೇ ಗೋಳು: ಮಕ್ಕಳು ಮೊಬೈಲ್ ಬಿಡುತ್ತಿಲ್ಲ, ಆ ಗುಂಡು ಹಾರಿಸುವ ಆಟವನ್ನು ಸರಕಾರ ನಿಷೇಧಿಸಬೇಕು. ನಿಷೇಧವನ್ನೂ ನೋಡಿದ್ದಾಯಿತು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರ ಜುಲೈನಲ್ಲಿ ಹೆಚ್ಚುಕಡಿಮೆ ಅದೇ ಆಟ ಬೇರೆ ಹೆಸರು ಹೊತ್ತು ಬಂದಿತು. ಕಾನೂನು ಚಾಪೆಯ ಕೆಳಗೆ ತೂರಿದರೆ ವ್ಯಾಪಾರ ರಂಗೋಲಿಯ ಕೆಳಗೆ ತೂರುತ್ತದೆ.

ಬಂದೂಕಿಗಿಂತ ಹೆಚ್ಚಾಗಿ ನನ್ನ ತಕರಾರು ಆ ಆಟದ ನಿಯಮದ ಮೇಲೆ. ನೂರು ಜನ ಬರಿಗೈಯಲ್ಲಿ ದ್ವೀಪಕ್ಕೆ ಧುಮುಕಬೇಕು. ಸುರಕ್ಷಿತ ವಲಯ ಕುಗ್ಗುತ್ತ ಬರಬೇಕು. ಕೊನೆಗೆ ಒಬ್ಬನೋ ಒಂದು ತಂಡವೋ ಮಾತ್ರ ಉಳಿಯಬೇಕು. ಪಕ್ಕದವನು ಬದುಕಿದರೆ ನನಗೆ ಜಾಗವಿಲ್ಲ ಎಂಬುದೇ ಅದರ ಪಾಠ. ನಮ್ಮ ಚೌಕಾಬಾರದಲ್ಲಿಯೂ ಕಾಯಿ ಕಡಿಯುತ್ತೇವೆ. ಆದರೆ ಕಡಿಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಹೊರಡುತ್ತದೆ.

ಬದುಕುಳಿಯುವ ಪಂದ್ಯವೇ ಬೇಕೆಂದರೆ ನಮ್ಮ ಚರಿತ್ರೆಯಲ್ಲೇ ಅದಕ್ಕೆ ವಸ್ತುವಿದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1876-78ರ ಭೀಕರ ಬರ ಕಳೆದ ಮೇಲೆ, 1881ರಲ್ಲಿ, ಸುಮಾರು 42 ಲಕ್ಷ. ಅಲ್ಲಿನ ಬಯಲುಸೀಮೆಯ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು.

ಇದನ್ನೇ ಆಟ ಮಾಡಿ ನೋಡಿ. ಹತ್ತು ಆಟಗಾರರು, ಹತ್ತು ಊರು, ಹತ್ತು ಕೆರೆ. ಮೂರು ವರ್ಷ ಮಳೆ ಕೈಕೊಡುತ್ತದೆ. ತೂಬು ಯಾವಾಗ ಎತ್ತಬೇಕು, ಭತ್ತವೋ ರಾಗಿಯೋ, ಹೂಳೆತ್ತಲು ಎಷ್ಟು ಆಳು ಎಂಬುದೆಲ್ಲ ಆಟಗಾರನ ತೀರ್ಮಾನ. ಕೆಳಗಿನ ಊರನ್ನು ಒಣಗಿಸಿದವನಿಗೆ ಏರಿ ದುರಸ್ತಿಗೆ ಆಳು ಸಿಗುವುದಿಲ್ಲ. ದುರಾಸೆಯಿಂದ ಕೋಡಿ ಕಟ್ಟಿದವನ ಏರಿ ನಾಲ್ಕನೆಯ ವರ್ಷದ ಜಡಿಮಳೆಗೆ ಒಡೆಯುತ್ತದೆ. ಹೆಚ್ಚು ಜನರನ್ನು ಉಳಿಸಿಕೊಂಡ ಊರಿಗೆ ಗೆಲುವು. ಪೈಪೋಟಿಯುಂಟು, ಮೋಸಕ್ಕೂ ಅವಕಾಶವುಂಟು. ಆದರೆ ಮೋಸದ ಬೆಲೆಯನ್ನು ಭೌತಶಾಸ್ತ್ರವೇ ವಸೂಲು ಮಾಡುತ್ತದೆ.

“ಇದು ಪಾಠವಾಯಿತು, ಆಟವೆಲ್ಲಿ?” ಎಂದು ನಗುವವರಿದ್ದಾರೆ. ನೀರು ಏರಿಯ ಅಂಚಿಗೆ ಬಂದ ರಾತ್ರಿಯ ಕಥೆಯನ್ನು ಅವರು ಊರಿನ ಹಿರಿಯರ ಬಾಯಲ್ಲಿ ಕೇಳಿಲ್ಲವೆಂದು ತೋರುತ್ತದೆ.

ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ತೂಬು, ಕೋಡಿ, ನೀರಗಂಟಿ ಎಂಬ ಮಾತುಗಳೇ ಗೊತ್ತಿಲ್ಲ. ರಾಜ್ಯೋತ್ಸವದ ಭಾಷಣದಿಂದ ಅವು ಬರುವುದೂ ಇಲ್ಲ. ಆಡುತ್ತ ಕಲಿತ ಮಾತು ಮಾತ್ರ ನಾಲಗೆಯಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಬಲ್ಲ ತರುಣರು ನಮ್ಮ ಸದಸ್ಯರ ಮನೆಗಳಲ್ಲೇ ಇದ್ದಾರೆ. ಆರ್ಕೆಸ್ಟ್ರಾಕ್ಕೆ ಚಂದಾ ಎತ್ತುವ ನಾವು ಇದಕ್ಕೂ ಎತ್ತಲಾರೆವೇ? ಮೊದಲು ರಟ್ಟಿನ ಮೇಲೆ ಹುಣಸೆಬೀಜವಿಟ್ಟು ಮಕ್ಕಳೊಡನೆ ಆಡಿ ನೋಡೋಣ. ನಿಯಮ ಹದಕ್ಕೆ ಬಂದ ಮೇಲೆ ಮೊಬೈಲಿಗೆ ಏರಿಸೋಣ. ಅಷ್ಟೂ ನಮ್ಮಿಂದ ಆಗದಿದ್ದರೆ, ಸಿಕ್ಕಿದ ಆಟವನ್ನು ಆಡುವ ಮಕ್ಕಳನ್ನು ಬಯ್ಯುವುದನ್ನಾದರೂ ನಿಲ್ಲಿಸೋಣ.