ಬಾಡಿಗೆಯ ಕೊಠಡಿಯಲ್ಲಿ ಉರಗಗಳು

ಅಮೆರಿಕಾ, ಇಂಗ್ಲೆಂಡುಗಳ ನಗರಗಳಲ್ಲಿ ಬಾಡಿಗೆಯ ಸಣ್ಣ ಮನೆಗಳಲ್ಲಿರುವವರು ಹಾವುಗಳನ್ನು ಸಾಕುವುದುಂಟು. ಹಾವು ಬೊಗಳದು, ಅಂಗಳವನ್ನು ಬೇಡದು, ವಾರಕ್ಕೋ ಎರಡು ವಾರಕ್ಕೋ ಒಂದು ಇಲಿಯಿಂದ ತೃಪ್ತಿಗೊಳ್ಳುವುದು; ಆದುದರಿಂದ ಒಂದಿದ್ದೆಡೆ ಐದಿದ್ದರೇನು ಎಂಬುದು ಅವರಲ್ಲಿ ಕೆಲವರ ವಾದ. ಇದನ್ನು ನಾವು ಒಪ್ಪಲಾರೆವು.

ಹಾವು ನಮ್ಮಂತೆ ತನ್ನ ಮೈಯನ್ನು ಒಳಗಿನಿಂದಲೇ ಬೆಚ್ಚಗಿಟ್ಟುಕೊಳ್ಳಲಾರದು. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ ಸುಮಾರು 26 ಡಿಗ್ರಿ ಉಷ್ಣತೆಯಿರಬೇಕು. ಅತ್ತಿತ್ತ ಸರಿದು ಅದು ತನಗೆ ಬೇಕಾದ ಶಾಖವನ್ನು ಪಡೆಯುತ್ತದೆ. ಪೆಟ್ಟಿಗೆ ಕಿರಿದಾದರೆ ಈ ಅಂತರವೇ ಅಳಿಯುತ್ತದೆ. ಒಂಟಿಯಾಗಿ ಬಾಳುವ ಈ ಜೀವಿಗಳನ್ನು ಒಟ್ಟಿಗೆ ಇಡಲೂ ಬಾರದು. ಹಾವುಗಳು ಹೆಚ್ಚಿದಂತೆಲ್ಲ ಪೆಟ್ಟಿಗೆಗಳೂ ಹೆಚ್ಚಬೇಕು; ಕೊಠಡಿಯಾದರೋ ಹಿಗ್ಗದು. ಆಗ ಕುಗ್ಗುವುದು ಹಾವಿನ ಪಾಲಿನ ಜಾಗವೇ.

ಬಾಡಿಗೆಯ ಕರಾರು ಸಾಮಾನ್ಯವಾಗಿ ವರ್ಷದ್ದು. ಈ ಹೆಬ್ಬಾವಿನ ಆಯುಷ್ಯವಾದರೋ 20 ವರ್ಷಗಳಿಗೂ ಮಿಗಿಲಾಗಬಹುದು. ಮನೆ ಬಿಡಬೇಕಾದಾಗ ಐದು ಹಾವುಗಳ ಗತಿಯೇನು?

ನಮ್ಮ ನಾಗರ, ಕೇರೆ ಮೊದಲಾದ ಹಾವುಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಕಾಯಿದೆಯ ತಡೆಯಿಲ್ಲದ ಕಡೆಗಳಲ್ಲಿಯೂ, ಒಂದಕ್ಕೆ ಬೇಕಾದುದನ್ನೆಲ್ಲ ಒದಗಿಸಲಾರದವನು ಎರಡನೆಯದನ್ನು ತರಬಾರದೆಂಬುದೇ ನಮ್ಮ ಅಭಿಪ್ರಾಯ.