ವಯಸ್ಸಾಗಿದೆ, ಅದಕ್ಕೇ ಬೇಗ ಆಗಬೇಕು

ಕಳೆದ ಡಿಸೆಂಬರ್‌ನಲ್ಲಿ ಫಜರ್ ನಮಾಜ್‌ಗೆ ವುಜೂ ಮಾಡಲು ಹೋದ ನನ್ನ ದಾದಿ ಬಚ್ಚಲಲ್ಲಿ ಜಾರಿ ಬಿದ್ದರು. ಅವರಿಗೆ 81 ವರ್ಷ. ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಿತ್ತು. ಆಪರೇಷನ್ ಆದದ್ದು ಏಳನೇ ದಿನ.

ಮೊದಲ ಎರಡು ದಿನ ಹಾಳು ಮಾಡಿದವರು ನಾವೇ. ಗುರಪ್ಪನಪಾಳ್ಯದ ನಮ್ಮ ಮನೆಗೆ ನೋಡಲು ಬಂದವರೆಲ್ಲ, "ಈ ವಯಸ್ಸಲ್ಲಿ ಕೊಯ್ಯಿಸಬೇಡಿ, ಪುತ್ತೂರು ಕಟ್ಟು ಹಾಕಿಸಿ" ಎಂದರು. ಚಾಚಾ ಒಪ್ಪಿದರು, ಅಬ್ಬು ಒಪ್ಪಲಿಲ್ಲ. ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಪಕ್ಕದ ಜಯನಗರದಲ್ಲೇ ಇದ್ದರೂ ನಾವು ಬೇರೊಂದು ಕಡೆ ಸೇರಿಸಿದೆವು. ಅಲ್ಲಿ ಎಕೋ ಆಗಬೇಕು, ಇನ್ನೊಬ್ಬ ಡಾಕ್ಟರ್ ಫಿಟ್‌ನೆಸ್ ಕೊಡಬೇಕು, ರಕ್ತ ಹೊಂದಿಸಬೇಕು, ನಡುವೆ ಒಂದು ಭಾನುವಾರ. ಯಾಕೆ ತಡ ಎಂದರೆ ಒಂದೇ ಉತ್ತರ: "ವಯಸ್ಸಾಗಿದೆಯಲ್ಲ."

ನನ್ನ ತಕರಾರು ಈ ಮಾತಿನ ಮೇಲೆ. ಹೃದಯದ ತೊಂದರೆಗೋ ರಕ್ತ ತೆಳುವಾಗಿಸುವ ಮಾತ್ರೆಗೋ ಸ್ವಲ್ಪ ಕಾಯಬೇಕಾದೀತು, ಸರಿ. ಆದರೆ ವಯಸ್ಸೊಂದೇ ಕಾರಣವಾಗಬಾರದು. ಮಲಗಿದ್ದಲ್ಲೇ ಇದ್ದರೆ ಬೆನ್ನಲ್ಲಿ ಹುಣ್ಣು, ಎದೆಯಲ್ಲಿ ಕಫ, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು. ಇಪ್ಪತ್ತರ ಹುಡುಗ ಒಂದು ವಾರ ತಡೆದುಕೊಂಡಾನು, ಎಂಬತ್ತರ ಅಜ್ಜಿಗೆ ಆಗದು. ನಾಲ್ಕನೇ ರಾತ್ರಿ ದಾದಿ ನನ್ನನ್ನು ತೀರಿಕೊಂಡ ತಮ್ಮನ ಹೆಸರು ಹಿಡಿದು ಕರೆದರು. ನಾನು ಹೂಂ ಎಂದೆ.

ಬ್ರಿಟನ್ನಿನ ನೈಸ್ ಸಂಸ್ಥೆ, ದಾಖಲಾದ ದಿನ ಅಥವಾ ಮರುದಿನವೇ ಆಪರೇಷನ್ ಆಗಬೇಕು ಎನ್ನುತ್ತದೆ. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ 17 ದೇಶಗಳ 2,970 ರೋಗಿಗಳಿದ್ದರು. ಸುಮಾರು 6 ಗಂಟೆಯಲ್ಲಿ ಮಾಡಿದರೂ 24 ಗಂಟೆಯಲ್ಲಿ ಮಾಡಿದರೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಲ್ಲಿ ಮಾತ್ರ ಬುದ್ಧಿಭ್ರಮೆ ಕಡಿಮೆ, ಎದ್ದು ನಿಂತದ್ದೂ ಬೇಗ. ಗಮನಿಸಿ, ಅಲ್ಲಿ 'ನಿಧಾನ'ದ ಗುಂಪಿನವರಿಗೂ ಸುಮಾರು ಒಂದು ದಿನದಲ್ಲಿ ಆಗಿತ್ತು. ನಮ್ಮ ಒಂದು ವಾರ ಯಾವ ಗುಂಪಿಗೆ ಸೇರುತ್ತದೆ?

ಡಾಕ್ಟರ್‌ಗಳಿಗೆ ಕೆಲಸ ಜಾಸ್ತಿ, ಗೊತ್ತು. ಬೈಕ್ ಅಪಘಾತದಲ್ಲಿ ರಕ್ತ ಸುರಿಸಿಕೊಂಡು ಬಂದವನೇ ಮೊದಲು ಒಳಗೆ ಹೋಗಬೇಕು. ಆದರೆ ಮೂಲೆಯ ಹಾಸಿಗೆಯ ಅಜ್ಜಿ ಕೂಗಾಡುವುದಿಲ್ಲ, ಹಾಗಾಗಿ ದಿನವೂ ನಾಳೆಗೆ ಹೋಗುತ್ತಾರೆ. ದಾಖಲಾದ ದಿನ, ಗಂಟೆ, ಇವತ್ತು ಆಪರೇಷನ್ ಇಲ್ಲದಿದ್ದರೆ ಯಾಕಿಲ್ಲ ಎಂಬುದನ್ನು ಫೈಲಿನ ಮೇಲೆಯೇ ಬರೆಯಲಿ. ಬರೆಯದಿದ್ದರೆ ನಾವೇ ದಿನಾ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳೋಣ. ನಾನು ಕೇಳಿದ್ದು ಆರನೇ ದಿನ.

ದಾದಿ ಈಗ ವಾಕರ್ ಹಿಡಿದು ಅಡುಗೆಮನೆವರೆಗೆ ಬರುತ್ತಾರೆ. ನಮಾಜ್ ಕುರ್ಚಿಯ ಮೇಲೆ.